ಮೋರಿ ನಂಬರ್ ೪೧/೨

ಹನ್ನೊಂದು ವರ್ಷ ಅದರ ಮೇಲೆ ಬಸ್ಸು ದಾಟಿಸಿದ್ದೇನೆ,
ಶಿರಸಿಯಿಂದ ಕುಮಟೆಗೆ, ಕುಮಟೆಯಿಂದ ಶಿರಸಿಗೆ.
ದೇವಿಮನೆ ಘಟ್ಟದ ಇಳುಕಲಲ್ಲಿ ಎಡಕ್ಕೆ
ಒಂದು ಕುಳ್ಳ ಕಟ್ಟೆ, ಹಳದಿ ಬಣ್ಣ, ಕಪ್ಪು ಅಂಕಿ.
ಅದು ಕಂಡರೆ ಎರಡನೇ ಗೇರಿಗೆ ಬರಬೇಕು,
ಮುಂದಿನ ತಿರುವು ಕೆಟ್ಟದ್ದು.
ಅಷ್ಟೇ ನನಗೂ ಅದಕ್ಕೂ ಇದ್ದ ಲೇವಾದೇವಿ.
ಅಡಿಯಲ್ಲಿ ನೀರಿದೆಯೆಂದು ಮೋರಿಗೆ ಗೊತ್ತಿತ್ತು,
ನನಗೆ ಬೇಕಿರಲಿಲ್ಲ.

ಸೀಗೆ ಒಣಗುವ ಕಾಲಕ್ಕೆ
ಹೊನ್ನಿ ಅಲ್ಲೇ ಇಳಿಯುವವಳು.
ಸ್ಟಾಪಿಲ್ಲ, ಊರಿಲ್ಲ, ಟಿಕೀಟಿನಲ್ಲಿ ಹೆಸರಿಲ್ಲ.
ಕಂಡಕ್ಟರ್ ಫಕೀರಪ್ಪ, ಹಾನಗಲ್ಲಿನವ,
ಪ್ರತಿ ಸಲ ಕೇಳುವನು:
"ಇಲ್ಲೇನೈತವ್ವಾ, ಬರೇ ಗ್ವಾಡಿ?"
ಅವಳು ಖಾಲಿ ಚೀಲ ಕೊಡವಿ
ಗೋಡೆಯೊಳಕ್ಕೇ ಹೋಗಿಬಿಡುವಳು.

ಜನವರಿಯ ಒಂದು ವಾರದ ರಜೆ.
ಬೇರೆಯವನು ಓಡಿಸುವ ಬಸ್ಸಿನಲ್ಲಿ
ತಿರುವು ತಿರುವಿಗೂ ಬಲಗಾಲಿನಿಂದ
ಇಲ್ಲದ ಬ್ರೇಕು ತುಳಿಯುತ್ತ ಕೂತು
ನಾನೂ ಅಲ್ಲೇ ಇಳಿದೆ.
ಹೊನ್ನಿ ನನ್ನ ಬೂಟು ನೋಡಿದಳು. ಬಿಚ್ಚಿದೆ.

ಮೊದಲು ಹಳ್ಳ, ಆಮೇಲೆ ಬಂಡೆ,
ಬಂಡೆ ಸೀಳಿ ಎರಡು ಗೋಡೆ.
ನಡುವೆ ಬಸ್ಸಿನ ನಡುದಾರಿಯಷ್ಟೇ ಅಗಲ,
"ಒಳಗೆ ಹೋಗಿ, ಹಿಂದೆ ಜಾಗ ಇದೆ" ಅನ್ನಬೇಕು, ಹಾಗೆ.
ಮಂಡಿಯವರೆಗೆ ನೀರು. ತಲೆಯ ಮೇಲೆ
ಯಾರೋ ಎಳೆದು ಮರೆತ ಗೆರೆಯಂತೆ ಆಕಾಶ.
ಯಾವುದೋ ಮಳೆಗಾಲ ತಂದಿಟ್ಟ ಮರದ ದಿಮ್ಮಿ
ಎತ್ತರದಲ್ಲಿ ಎರಡೂ ಗೋಡೆಗೆ ಒರಗಿ ಸಿಕ್ಕಿಕೊಂಡಿತ್ತು.
ಇಷ್ಟೆತ್ತರ ಬರುತ್ತದೆಯೇ ನೀರು?
ಕೇಳಲು ಧೈರ್ಯವಾಗಲಿಲ್ಲ.

ಕವಲಿನಲ್ಲಿ ಸದ್ದು ಬಲಗಡೆಯಿಂದ ಬಂತು, ಸ್ಪಷ್ಟ.
ಬಲಕ್ಕೆ ಹೊರಟೆ. ಹಿಂದಿನಿಂದ ಅಂಗಿ ಹಿಡಿದಳು.
"ಕೆಮಿ ಮಾತ್ ಕೇಳ್ಬೇಡಾ.
ಆ ಬದಿಗ್ ಹೋದೋರೆಲ್ಲ ಕಲ್ ಮುಟ್ಟಿ ಬತ್ರು."

ಎಂಜಿನ್ನಿನ ಕೆಮ್ಮು ಕೇಳಿಯೇ
ಕಾಯಿಲೆ ಯಾವುದೆಂದು ಹೇಳುವವನು ನಾನು,
ಡಿಪೋದಲ್ಲಿ ಮೆಕ್ಯಾನಿಕ್ಕುಗಳೂ ನನ್ನನ್ನು ಕರೆಯುತ್ತಾರೆ.
ಅಂಥವನು ಸದ್ದಿಗೆ ಬೆನ್ನು ಹಾಕಿ
ಅವಳ ಹಿಮ್ಮಡಿಯ ಹಿಂದೆ ನಡೆದೆ.

ಮೂರು ಹೆಜ್ಜೆ ಕತ್ತಲು.
ಆಮೇಲೆ ಅದು.

ದೊಡ್ಡದೇನಲ್ಲ. ತೆಂಗಿನ ಮರದೆತ್ತರ,
ಹೆಗಲ ಮೇಲಿನ ಪಂಚೆಯಷ್ಟು ಅಗಲ.
ಬೀಳುತ್ತಿರಲಿಲ್ಲ, ಇಳಿಯುತ್ತಿತ್ತು:
ಕಲ್ಲಿನಲ್ಲಿ ತಾನೇ ಕೊರೆದ ದಾರಿಯಲ್ಲಿ
ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳಿ.
ಎಣಿಸಿದೆ, ಏಳು ತಿರುವು.
ಪ್ರತಿಯೊಂದರಲ್ಲೂ ಒಂದಿಷ್ಟು ತಡೆದು, ಗೇರು ಬದಲಿಸಿ.
ನನಗಿಂತ ಮೊದಲು ಈ ಘಟ್ಟ ಇಳಿದ ಡ್ರೈವರು ಇದು.
ರಜೆ ಹಾಕಿದ್ದೇ ಇಲ್ಲ.

ಒಂದು ಬೀಡಿ ಮುಗಿಯುವಷ್ಟು ಹೊತ್ತು
ಬಿಸಿಲು ನೇರ ಒಳಗೆ ಬಂತು.
ಹೊನ್ನಿ ಆಗ ಮುಂಗೈಗೆ ಚುಚ್ಚಿದ ಸೀಗೆಮುಳ್ಳು
ಹಲ್ಲಿನಿಂದ ಕೀಳುತ್ತಿದ್ದಳು, ತಲೆಯೆತ್ತಲಿಲ್ಲ.

"ಇದರ ಹೆಸರೇನು?" ಎಂದು ಕೂಗಿದೆ.
"ಎಂತಕ್ಕೆ? ಟಿಕೀಟ್ ಕೊಡ್ತ್ಯಾ?"

"ಸೀಗೆ ರಸ್ತೆ ಬದಿಗೂ ಇದೆಯಲ್ಲ,
ಇಷ್ಟು ಒಳಗೆ ಯಾಕೆ ಬರುವುದು?"
ಮುಳ್ಳು ಉಗಿದು, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:
"ಇಲ್ಲಿ ಯಾರ್ ಕರದ್ರೂ ಕೇಳೂದಿಲ್ಲ."

ಸೀಟಿಗೆ ನಿಂತು, ಸೀಟಿಗೆ ಹೊರಟ
ಹನ್ನೊಂದು ವರ್ಷದ ಕಾಲುಗಳನ್ನು
ನೀರಿನಲ್ಲಿ ಇಳಿಬಿಟ್ಟು ಕೂತೆ.
ಹೋಲ್ಡಾನ್ ಇಲ್ಲ. ರೈಟ್ ಇಲ್ಲ.
ಬಿಸಿಲು ಹೋದದ್ದು ಯಾವಾಗೆಂದು ತಿಳಿಯಲಿಲ್ಲ.
ಅವಳು ಚೀಲ ತುಂಬಿಸಿ ಬಂದಾಗ
ಬೆರಳುಗಳೆಲ್ಲ ಸುಕ್ಕಾಗಿದ್ದವು, ಮುದುಕನವು.

ಈಗ ಹಳದಿ ಕಟ್ಟೆ ಕಾಣುವ ಮೊದಲೇ ಎರಡನೇ ಗೇರು.
"ಯಾಕ್ರೀ, ಗಾಡಿ ಎಳೀವಲ್ದೇನು?" ಎನ್ನುತ್ತಾನೆ ಫಕೀರಪ್ಪ.
"ಎದುರಿಗೆ ಲಾರಿ" ಎನ್ನುತ್ತೇನೆ.
ಲಾರಿ ಇರುವುದಿಲ್ಲ.
ಎಂಜಿನ್ನು ಸಣ್ಣಗಾಗುತ್ತದೆ. ಹಿಂದೆ ಯಾರದೋ ಮಗು,
ಯಾರದೋ ಫೋನು, ಬುಟ್ಟಿಯಲ್ಲಿ ಒಣಮೀನು.
ಇವೆಲ್ಲದರ ಸಂದಿಯಿಂದ
ಸದ್ದು ಬರುತ್ತದೆ, ಬಲಗಡೆಯಿಂದಲೇ.

ನಾನು ಎಡಕ್ಕೆ ನೋಡುತ್ತೇನೆ.