ಚೀಲ

ಕೋಲಾರದ ಸ್ತ್ರೀರೋಗ ಸಮ್ಮೇಳನದ ಬಾಗಿಲಲ್ಲಿ
ಬೆಳಗ್ಗೆಯಿಂದ ಚೀಲ ಹಂಚುತ್ತಿದ್ದೇನೆ:
ಸೆಣಬಿನದು, ಒಳಗೆ ಪೆನ್ನು, ಊಟದ ಕೂಪನ್ನು.
ಕೊರಳ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ
ಎರಡು ವರ್ಷ ಮುಂಚೆಯೇ ಬಂದು ಕೂತ 'ಡಾ.'
ಅಳಿಸಲಿಲ್ಲ.

ಪರದೆಯ ಮೇಲೆ ಬಸ್ಸಿನಷ್ಟು ದೊಡ್ಡ ಗರ್ಭಕೋಶ,
ಗುಲಾಬಿ, ಶುಭ್ರ, ಯಾರದೂ ಅಲ್ಲದ್ದು.
'ಮೂವತ್ತೈದಕ್ಕೇ ತೆಗೆಸಿಕೊಳ್ಳುತ್ತಾರೆ, ಅರಿವಿಲ್ಲ'
ಎಂದರು ಭಾಷಣಕಾರರು.
ತಲೆಗಳು ತೂಗಿದವು. ನಾನೂ ಬರೆದುಕೊಂಡೆ.

ಊಟ ಬಿಟ್ಟು ವಾರ್ಡಿಗೆ ಓಡಿದೆ.
ಹನ್ನೊಂದನೇ ಮಂಚದ ಮುನಿರತ್ನಮ್ಮ
ನಿನ್ನೆಯ ಮಾತನ್ನೇ ಹಿಡಿದಿದ್ದಾಳೆ:
'ಚೀಲ ತೆಗೆದ್ಬಿಡಿ ಮೇಡಂ.'
ಮಾತ್ರೆಯಲ್ಲೇ ವಾಸಿಯಾಗತ್ತಮ್ಮ, ಅಂದೆ.
'ಜಾವ ಮೂರಕ್ಕೆ ಮಂಡೀಲಿ ಟೊಮೇಟೊ ಬಾಕ್ಸು ಹೊರಬೇಕು.
ಸೀರೆಯೆಲ್ಲಾ ನೆನೀತದೆ.
ಬಟ್ಟೆ ಬದಲಾಯ್ಸಕ್ಕೆ ಒಂದು ಗೋಡೆ ಇಲ್ಲ ಅಲ್ಲಿ.
ನಿಮ್ಮ ಮಾತ್ರೆ
ಗೋಡೆ ಕಟ್ತದಾ?'

ಕೊನೆಯ ಗೋಷ್ಠಿ. ಪ್ರಶ್ನೆಗಳಿದ್ದರೆ ಕೇಳಿ, ಅಂದರು.
ಮೈಕು ಕೈಯಿಂದ ಕೈಗೆ ಬಂದು
ನನ್ನಲ್ಲಿ ನಿಂತಿತು. ತಣ್ಣಗಿತ್ತು.
ಓದಿದ್ದೆಲ್ಲ ಮರೆತು ಒಂದೇ ಪದ ಉಳಿದಿತ್ತು:
'ಗೋಡೆ...'

'ಕೇಳಿಸುತ್ತಿಲ್ಲ,' ಎಂದರು ವೇದಿಕೆಯಿಂದ,
ಕಣ್ಣು ಕಿರಿದಾಗಿಸಿ ನನ್ನ ಕಾರ್ಡು ಓದುತ್ತ,
'ಸ್ವಲ್ಪ ಜೋರಾಗಿ ಹೇಳಿ, ಡಾಕ್ಟರ್.'