ನಿಂಬಿಹಣ್ಣಿನ ಸಾಕ್ಷಿ

ಹುಮನಾಬಾದ್ ಬೈಪಾಸಿನ ಆಚಿ, ಜಲ್ಲಿ ರಾಶಿ ಹಿಂದ
ನಿಂತಿತ್ತದು:
ನಾಕು ಗಾಲಿ ಮ್ಯಾಗ ಒಂದು ತಗಡಿನ ಖೋಲಿ,
ರಸ್ತಾ ಮಾಡೋ ಕಂಪನಿ ಬಿಟ್ಟು ಹೋದದ್ದು.
ಐದು ವರ್ಷ ಯಾರೋ ಸೂಪರ್‌ವೈಸರ್ ಅದರಾಗ ಮಲಗಿ
ಎದ್ದಾಗೆಲ್ಲ ಊರು ಬ್ಯಾರೆ, ರಸ್ತಾ ಅದೇ.

"ಹೊಸ ಪೇಂಟ್ ನೋಡ್ರಿ ಬಾಯಿ, ಮೊನ್ನಿ ಹೊಡಸೀನಿ,"
ಅಂದ ಗೌಸ್ ಮಿಯಾ.
ಮೊನ್ನಿ ಹೊಡಸಿದ ಪೇಂಟಿಗೇ ನಾ ಹೆದರೋದು.
ನಮ್ಮಪ್ಪ ದನದ ಬಜಾರದಾಗ ದಲಾಲಿ.
ಕೊಂಬಿಗೆ ಎಣ್ಣಿ ಹಚ್ಚಿದ ಎತ್ತು ಕಂಡ್ರ
ಸೀದಾ ಬಾಲದ ಕಡಿ ಹೋಗ್ತಿದ್ದ.

ನಾನೂ ಹಿಂದ ಹೋದೆ.
ಹಳೇ ಸ್ಪೀಕರಿನಿಂದ ಕಿತ್ತ ಚುಂಬಕ ಸೆರಗಿನ ಗಂಟಿನಾಗಿತ್ತು.
ತಗಡಿಗೆ ಹಚ್ಚಿ ಎಳಕೋತ ಬಂದೆ. ಹಿಡಿತು, ಹಿಡಿತು, ಹಿಡಿತು,
ಕಿಟಕಿ ಕೆಳಗ ಗೇಣುದ್ದ ಜಾಗದಾಗ
ಟಪ್ ಅಂತ ನೆಲಕ್ಕ ಬಿತ್ತು.
ಅಲ್ಲಿ ಕಬ್ಬಿಣ ಇಲ್ಲ.
ಪುಟ್ಟಿ ಅದ, ಪುಟ್ಟಿ ಮ್ಯಾಗ ನೀಲಿ ಬಣ್ಣ ಅದ.
ಗೌಸ್ ಮಿಯಾ ಕಿಸೆದಾಗ ಬೀಡಿ ಹುಡುಕತೊಡಗಿದ.

ಟಾಯರಿನ ಹಲ್ಲು ಚೊಲೊ ಇದ್ವು, ಖರೆ.
ಆದ್ರ ಪಕ್ಕದಾಗ ನಾಕು ಅಂಕಿ ಒತ್ತಿರ್ತಾರ,
ಯಾವ ವಾರ, ಯಾವ ವರ್ಷ.
ಒಂಬತ್ತು ವರ್ಷದ ರಬ್ಬರು
ಓಡದೇ ನಿಂತು ಒಡದದ, ನನ್ನ ಹಿಮ್ಮಡಿ ಹಂಗ.

ಮಲ್ಕಪ್ಪ ಛತ್ತಿನ ಮ್ಯಾಗ ಹತ್ತಿ ಕೊಡ ನೀರು ಸುರುವಿದ.
ಬಾಗಿಲು ಹಾಕ್ಕೊಂಡು ಒಳಗ ಕತ್ತಲದಾಗ ಕುಂತೆ ನಾನು.
ಮೊದಲನೇ ಕೊಡ, ಏನಿಲ್ಲ.
ಎರಡನೇದು, ಏನಿಲ್ಲ.
ಮೂರನೇದಕ್ಕ ಮುಂಗೈ ಮ್ಯಾಗ ಒಂದು ಹನಿ.
ವಾಯರ್ ಹೋದ ತೂತು. ಡಾಂಬರ ಹಚ್ಚಿದ್ರ ಹೋಗ್ತದ,
ಹಂಗಂತ ಹೇಳಬೇಕಂತೇನಿಲ್ಲ.

ಆಮ್ಯಾಲೆ ನಿಂಬಿಹಣ್ಣು ತೆಗದು ನೆಲಕ್ಕ ಇಟ್ಟೆ.
ಪೂಜಿ ಅಂತ ತಿಳದು ಗೌಸ್ ಮಿಯಾ
ಪಾಪ, ಚಪ್ಪಲಿ ಬಿಟ್ಟು ನಿಂತ.
ಹಣ್ಣು ಒಂದು ಗಳಿಗಿ ಯೋಚಿಸಿ
ಮೆಲ್ಲಕ ಉರುಳಿ, ಹಲಗಿ ಕೆಳಗ ಹಾದು
ಎಡಗಡಿ ಮೂಲ್ಯಾಗ ಟಕ್ ಅಂತು.
"ನೆಲ ಸೊಟ್ಟ ಅದ ಬಾಯಿ, ಗಾಡಿ ಸೀದಾ ಅದ."
ಹಂಗಾರ ಟ್ರ್ಯಾಕ್ಟರ್ ಕಟ್ಟಿ ತಿರುಗಿಸಿ ನಿಲ್ಲಸ್ರಿ, ಅಂದೆ.
ಮೂತಿ ತೆಂಕಣಕ್ಕಿದ್ದದ್ದು ಬಡಗಣಕ್ಕಾತು.
ಹಣ್ಣು ಮತ್ತ ಅದೇ ಎಡಗಡಿ ಮೂಲಿಗೆ ಹೋತು.
ನೆಲದ ತಪ್ಪಿಲ್ಲ. ಕೆಳಗ ಬಗ್ಗಿ ನೋಡಿದ್ರ
ಸ್ಪ್ರಿಂಗಿನ ಎರಡು ಪಟ್ಟಿ ಮುರದಿದ್ವು.

ಬ್ಯಾಡ ಅಂದು ಬರಬಹುದಿತ್ತು.
ಹನ್ನೆರಡು ವರ್ಷಾತು, ಹೂವಿನ ಬೆನ್ನು ಹತ್ತಿ,
ಕುಸುಬಿ, ಸೂರ್ಯಕಾಂತಿ, ಆಳಂದದ ತೊಗರಿ,
ಹೊಲದ ಬದುವಿಗೆ ತಾಡಪಾಲ ಕಟ್ಟಿ ಮಲಗೋದು.
ಜೇನಿಗೆ ಅರವತ್ತು ಮನಿ ಅದಾವ.
ನಮಗ ಒಂದೂ ಇಲ್ಲ.

ಮತ್ತ ಮಂಚದ ತಲೆದೆಸಿಗೆ, ಸಣ್ಣ ಪಡಿಮ್ಯಾಗ
ಒಂದು ಎಣ್ಣಿ ಉಂಗುರ ಕಂಡಿದ್ದೆ,
ಉಪ್ಪಿನಕಾಯಿ ಬಾಟ್ಲಿದು. ಗಾಡಿ ಎಲ್ಲೆಲ್ಲೋ ತಿರುಗಿದ್ರೂ
ಬಾಟ್ಲಿ ಜಾಗ ಬಿಟ್ಟಿಲ್ಲ.
ಅದಕ್ಕ ಎಷ್ಟು ಕಟ್ಟೋದು?
ಗೌಸ್ ಮಿಯಾಗ ತೋರಸ್ಲಿಲ್ಲ. ಬೆರಳಿಲೆ ಒರಸಿ, ಒರಸದೇ ಬಿಟ್ಟೆ.

ಟವೆಲ್ ಕೆಳಗ ಗಂಡಸರ ಬೆರಳು,
ಮಲ್ಕಪ್ಪನ ಬೆನ್ನಿಗೆ ನನ್ನ ಬೆರಳು.
ಲಕ್ಷ ಎಂಬತ್ತಕ್ಕ ಶುರುವಾದದ್ದು
ಎರಡು ಚಾ ಆಗೋದ್ರಾಗ ಲಕ್ಷ ಹದಿನೆಂಟಕ್ಕ ಬಂತು.
"ಬಾಯಿ, ನಿಮ್ಮಪ್ಪನ ಹೆಸರೇನು?" ಅಂದ ಗೌಸ್ ಮಿಯಾ,
ರೊಕ್ಕ ಎಣಿಸೋದು ನಿಲ್ಲಿಸಿ.
ಹೇಳಿದೆ.
"ಮೊದಲೇ ಹೇಳಬೇಕಿತ್ತು," ಅಂತ ನಕ್ಕ.

ಹೊರಡೋ ಮುಂದ ಮಲ್ಕಪ್ಪ
ನಿಂಬಿಹಣ್ಣು ಗಾಲಿ ಕೆಳಗ ಇಡ್ಲಿಕ್ಕೆ ಬಗ್ಗಿದ.
ಕಸಕೊಂಡೆ.
ಸ್ಪ್ರಿಂಗ್ ಹಾಕಿಸಿದ ಮ್ಯಾಲೆ
ಇನ್ನೊಮ್ಮೆ ಕೇಳೋದದ ಇದನ್ನ.