ಕೈಫಿಯತ್ತು

ಪುಣೆಯಿಂದ ಬಂದ ಫಾರ್ಮಿನ್ಯಾಗ
ನಮ್ಮ ದಾಲ್ ಮಿಲ್ಲಿಗೆ ಒಂದು ಸಮುದ್ರ ಇತ್ತು.
'ಹಡಗು ತಲುಪುವ ಬಂದರು', ಬಾಜೂಕ ಕೆಂಪು ಚುಕ್ಕಿ.
ತುಂಬದೆ ಮುಂದ ಬಿಡಂಗಿಲ್ಲ.
ಕಪನೂರ ಇಂಡಸ್ಟ್ರಿಯಲ್ ಏರಿಯಾಕ್ಕ ಹಡಗು ಬರೂದಿಲ್ಲ,
ಬರೂದು ಅಫಜಲಪುರದ ಟ್ರ್ಯಾಕ್ಟರು,
ಚಿತ್ತಾಪುರದ ಟೆಂಪೋ, ಹಿಂದ ಚೀಲದ ಮ್ಯಾಲ
ನಿದ್ದಿ ಹೊಡೆಯೋ ಹುಡುಗ.
ಬಂದರು ಅಳಿಸಿದೆ.
ಒಂದ ಒತ್ತಿಗೆ ಸಮುದ್ರ ಬತ್ತಿತು.

ಕಂಪ್ಯೂಟರ್ ಬಾಯಿ ಅಂತಾರ ನನಗ,
ಸುಗಲಾಬಾಯಿಯೊಳಗಿನ ಬಾಯಿ ಅಷ್ಟ ಉಳಿಸಿ.
ಸೇಠರು ಹೇಳಿದ್ದು ಇಷ್ಟ:
ರಜಿಸ್ಟರ್ ಎಲ್ಲಾ ಒಳಗ ಹಾಕು,
ಸಂಕ್ರಾಂತಿಯಿಂದ ಕಾಗದ ಬಂದ್.

ಗುಂಡೇರಾವ ಮುನೀಮರ ರಜಿಸ್ಟರಿಗೆ ಹನ್ನೊಂದು ಖಾನೆ.
ಕಾಲೇಜಿನ ಹುಡುಗರು ಟೈಪ್ ಮಾಡಿ ಕೊಟ್ಟರು, ಸಾಲಿಗೆ ಎರಡು ರೂಪಾಯಿ.
ಹತ್ತಕ್ಕ ಜೋಡಿ ಸಿಕ್ಕವು,
ತಾರೀಖಿಗೆ ತಾರೀಖು, ತೂಕಕ್ಕ ತೂಕ,
ಬೀಗರಂಗ ಎದುರಾಬದರಾ ಕುಂತವು.
ಹನ್ನೊಂದನೆಯದು ಒಂಟಿ.
'ಹೊಂದಾಣಿಕೆ ಇಲ್ಲ. ಬಿಟ್ಟುಬಿಡಲೇ?' ಅಂತು ಪರದೆ.
ಕೈಫಿಯತ್ತು ಅಂತಿತ್ತು ಮ್ಯಾಲ.
ನಿಜಾಮನ ಕಾಲದ ಶಬ್ದ, ಹೋಗ್ಲಿ ಅಂದ್ಕೊಂಡು
ಹೂಂ ಒತ್ತಿದೆ. ಎರಡು ಸಾವಿರದ ಮುನ್ನೂರು ಸಾಲು
ಚಹಾ ಆರೂದ್ರಾಗ ಒಳಗ ಹೋದವು.

ಮೂರು ದಿನ ಎಲ್ಲಾ ಹಸಿರು.
ಗೇಟು, ಕಾಟಾ, ಮೀಟರು, ಮುನೀಮರು, ಸೇಠರು,
ಬಾಣದ ಹಿಂದ ಬಾಣ, ಇರುವಿ ಸಾಲು ಹೋದಂಗ.
ನಾಲ್ಕನೇ ದಿನ ಗೇಟಿನ್ಯಾಗ ಚಂದ್ರಶಾ
ಒಂದು ತೊಗರಿ ಹಲ್ಲಿಗಿಟ್ಟ. ಕಡದ. ಉಗುಳಿದ.
'ಹಸಿ ಅದ.'
ಮೀಟರು ಹತ್ತೂವರಿ ತೋರಿಸ್ಯಾದ ಅಂದೆ.
'ಅದು ಮ್ಯಾಲಿನ ಕಾಳು ತಿಂದದ, ನಾ ತಳದ್ದು.'
ಅಂವನ ಮಾತಿಗೆ ಖಾನೆ ಇರಲಿಲ್ಲ.
ತೇವದ ಮುಂದ ಹಸಿ ಅಂತ ಬರದ್ರ
'ಸರಿಯಾದ ಸಂಖ್ಯೆ ನಮೂದಿಸಿ'.
ಮಾಲು ಒಳಗ ಹೋಯ್ತು. ಹದಿನೈದು ದಿನಕ್ಕ
ನಲವತ್ತು ಚೀಲ ಮುಗ್ಗು ಹಿಡದವು.

ಆವತ್ತು ಸಂಜಿಮುಂದ ಹಳೇ ರಜಿಸ್ಟರ್ ತಗದು
ಹನ್ನೊಂದನೇ ಖಾನೆ ಅಷ್ಟ ಓದಿದೆ, ಮ್ಯಾಲಿಂದ ಕೆಳಗ.

'ಚಂದ್ರಶಾ ಕಡದಾನ. ತಳ ಹಸಿ. ಎರಡು ದಿನ ಬಿಸಲಿಗೆ.'
'ತೂಕ ಕಮ್ಮಿ. ಚೀಲ ಇಲಿ ಹರದದ. ಅಂವನ ತಪ್ಪಲ್ಲ.'
'ಕೂಸಿಗೆ ತೊಟ್ಲ ಕಟ್ಟೂದದ. ರೊಕ್ಕ ಇವತ್ತೇ.'
'ಅಣ್ಣ ತಮ್ಮ, ಒಂದ ಹೊಲ. ಎರಡು ಚೀಟಿ ಮಾಡ್ರಿ. ಮಾತಾಡಸಬ್ಯಾಡ್ರಿ.'
'ಕಾಳು ಛಲೊ. ಕಾರಣ ಗೊತ್ತಿಲ್ಲ.'

ಯಾಕ ಹೇಳ್ಲಿಲ್ರಿ ನನಗ, ಅಂತ ಮುನೀಮರಿಗೆ ಕೇಳಿದೆ.
ಚಷ್ಮಾ ಒರೆಸ್ಕೊಂಡರು.
'ಯಾವ ಖಾನೆ ಕಡ್ಡಾಯ ಅಂತ ಕೇಳಿದಿ ನೀ.
ಇದು ಕಡ್ಡಾಯ ಅಲ್ಲವಾ.'

ಮರುದಿನ ಹೊಸ ಖಾನೆ ಕೂಡಿಸಿದೆ. ಉದ್ದ ಬರಹ, ಚುಕ್ಕಿ ಇಲ್ಲ.
ನಿಯಮ ಒಂದ ಹಚ್ಚಿದೆ: ಇದು ಖಾಲಿ ಇರದಿದ್ರ
ಚೀಟಿ ಮುಂದ ಹೋಗಬಾರದು,
ಮುನೀಮರು ಓದಿ ಮುಗಿಸೂತನಕ.
ಚಂದ್ರಶಾನ್ನ ಸೇರಿಸಲಾಕ ಹೋದ್ರ ಅಡ್ಡಹೆಸರು ಕೇಳ್ತು.
ಚಂದ್ರಶಾ ಅಂತ ಮತ್ತೊಮ್ಮೆ ಬರದೆ.
ಈಗ ಅಂವ ಚಂದ್ರಶಾ ಚಂದ್ರಶಾ,
ದೂರದಿಂದ ಯಾರೋ ಕರದಂಗ.
ಬರಿಲಾಕ ಬರಂಗಿಲ್ಲ ಅಂವಗ, ಮೈಕು ಒತ್ತಿ ಹೇಳ್ತಾನ.
ಹಸಿ ಅಂದದ್ದು ಹಸು ಆಗಿ ಬರ್ತದ.
ತಿದ್ದತೀನಿ. ಒಮ್ಮೊಮ್ಮೆ ಹಂಗೇ ಬಿಡ್ತೀನಿ,
ಮುನೀಮರಿಗೆ ತಿಳಿತದ.

ನಿನ್ನೆ ಪುಣೆಯ ಹುಡುಗಿ ಫೋನ್ ಮಾಡಿದ್ಲು, ಹಿಂದಿಯೊಳಗ.
ನಿಮ್ಮ ಫಾರ್ಮಿನ್ಯಾಗ ಒಂದು ಖಾನೆ ಹೆಚ್ಚಿಗಿ ಅದ,
ಅದರಾಗ ಏನು ತುಂಬತೀರಿ?
ಮೇಜಿನ ಮ್ಯಾಲ ಸ್ಯಾಂಪಲ್ ಬಟ್ಟಲ ಇತ್ತು.
ಒಂದು ಕಾಳು ಬಾಯಾಗಿಟ್ಟು
ಫೋನು ಗದ್ದಕ್ಕ ಹಿಡದು
ಕಡದೆ.

'ಹಲೋ? ಲೈನಿನ್ಯಾಗ ಏನೋ ಸಪ್ಪಳ ಮೇಡಂ,
ಆಮ್ಯಾಲ ಮಾಡ್ತೀನಿ' ಅಂದ್ಲು.
ಕಾಳು ಮಾತ್ರ ಛಲೊ ಒಣಗಿತ್ತು.